4.84 ರೂಪಾಯಿಯ ಗಾಳಿ: ರಾಯದುರ್ಗ ಸೀಮೆಯಿಂದ ನೋಡಿದ ಒಂದು ದರದ ತಕರಾರು

2019ರ ಜುಲೈನಿಂದ 2022ರ ಮಾರ್ಚ್‌ವರೆಗೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾಳಿಯಂತ್ರವೊಂದು ತಯಾರಿಸಿದ ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಬೆಲೆಗಳಿದ್ದವು. ವಿದ್ಯುತ್ ಖರೀದಿ ಒಪ್ಪಂದದ ಕಾಗದದಲ್ಲಿ ಬರೆದಿದ್ದು 4.84 ರೂಪಾಯಿ, ಕೊಳ್ಳುವ ಡಿಸ್ಕಾಂ, ಅಂದರೆ ವಿದ್ಯುತ್ ಹಂಚುವ ಕಂಪನಿ, ಕೊಡಲು ಒಪ್ಪಿದ್ದು 2.43 ರೂಪಾಯಿ. ಯಂತ್ರ ಬದಲಾಗಿರಲಿಲ್ಲ, ಗುಡ್ಡ ಬದಲಾಗಿರಲಿಲ್ಲ, ಆಷಾಢದ ಗಾಳಿಯಂತೂ ಎಂದಿನಂತೆ ಬೀಸುತ್ತಲೇ ಇತ್ತು. ನಡುವಿನ 2.41 ರೂಪಾಯಿಯ ಅಂತರ ಎಲ್ಲಿಂದ ಬಂತು, ಯಾರ ತಲೆಯ ಮೇಲೆ ಬಿತ್ತು ಮತ್ತು ಅದು ಬಗೆಹರಿಯುವಷ್ಟರಲ್ಲಿ ಈ ಸೀಮೆಯ ಪವನ ವಿದ್ಯುತ್ತಿನ ಗತಿ ಏನಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪವನ ವಿದ್ಯುತ್ತಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ರೆಕ್ಕೆಯ ಉದ್ದ, ಗೋಪುರದ ಎತ್ತರ, ಇಂಗಾಲದ ಉಳಿತಾಯಗಳಿಂದ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಉದ್ಯಮದ ನಿಜವಾದ ತಳಪಾಯ ಕಾಂಕ್ರೀಟಲ್ಲ, ಖರೀದಿ ಒಪ್ಪಂದ. ಜಗತ್ತಿನ ಯಾವ ದೇಶದಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ಎದ್ದವೋ ಅಲ್ಲಿ ಮೊದಲು ಒಂದು ಒಪ್ಪಂದವನ್ನು ಜನ ನಂಬಿದ್ದರು. ಎಲ್ಲಿ ಸಾಲು ಥಟ್ಟನೆ ನಿಂತಿತೋ ಅಲ್ಲಿ ಬಹಳ ಸಲ ಆ ನಂಬಿಕೆಗೆ ಪೆಟ್ಟು ಬಿದ್ದಿತ್ತು. ಅನಂತಪುರದ ಪ್ರಕರಣ ಇದನ್ನು ಅಂಕಿಗಳಲ್ಲಿಯೇ ತೋರಿಸುತ್ತದೆ.

ಸೀಮೆ ಮತ್ತು ಗಾಳಿ

ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರುಗಳ ಜೊತೆಗೆ ಇದೂ ಆ ಕಡೆಗೆ ಸೇರಿತು. ಡಿ. ಹಿರೇಹಾಳ್, ಬೊಮ್ಮನಹಾಳ್, ಕಣೇಕಲ್ಲಿನ ಊರುಗಳಲ್ಲಿ ಇಂದಿಗೂ ಮನೆಯೊಳಗೆ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು. ಸಂತೆಗೂ ಸಂಬಂಧಕ್ಕೂ ಬಳ್ಳಾರಿ, ಮೊಳಕಾಲ್ಮೂರು. ಪಹಣಿಗೂ ಕರೆಂಟ್ ಬಿಲ್ಲಿಗೂ ಆಂಧ್ರ. ಗಡಿ ದಾಟಿದರೆ ದರ, ನೀತಿ, ಆಯೋಗ ಎಲ್ಲವೂ ಬೇರೆಯಾದರೂ ಗಾಳಿ ಮಾತ್ರ ಎರಡೂ ಕಡೆಗೆ ಒಂದೇ ಆಗಿರುವುದರಿಂದ ಹೋಲಿಸಿ ನೋಡಲು ಇಂಥ ಜಾಗ ಸಿಗುವುದು ಅಪರೂಪ.

ಇಲ್ಲಿಯ ಜನ ಗಾಳಿಯನ್ನು ಬಹುಕಾಲ ಪೀಡೆಯೆಂದೇ ತಿಳಿದಿದ್ದರು. ವೇದಾವತಿ, ಅಂದರೆ ನಮ್ಮ ಹಗರಿ, ವರ್ಷದ ಹೆಚ್ಚು ಕಾಲ ಬತ್ತಿ ಬರಿಯ ಮರಳಾಗಿ ಬಿದ್ದಿರುತ್ತದೆ. ಮುಂಗಾರಿನ ಗಾಳಿ ಆ ಮರಳನ್ನು ಎತ್ತಿ ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳ ಮೇಲೆ ಸುರಿಯುತ್ತದೆ. ದಿಬ್ಬಗಳು ಹೊಲವನ್ನು ನುಂಗುತ್ತ ಬಂದದ್ದನ್ನು ಕಂಡು ಸರ್ಕಾರವೇ ಇದನ್ನು ಮರಳುಗಾಡಾಗುತ್ತಿರುವ ಪ್ರದೇಶವೆಂದು ಗುರುತಿಸಿದೆ. ಮಳೆ ತರಬೇಕಾದ ಮಾರುತ ಪಶ್ಚಿಮಘಟ್ಟದಲ್ಲೇ ನೀರನ್ನೆಲ್ಲ ಇಳಿಸಿ, ಇಲ್ಲಿಗೆ ಬರುವಾಗ ಒಣಗಿಯೂ ಬಿರುಸಾಗಿಯೂ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲೆಕಾಯಿ ಹೊಲದಲ್ಲಿ ನಿಂತವನಿಗೆ ಮೋಡ ಕಾಣುತ್ತದೆ, ಹನಿ ಬೀಳುವುದಿಲ್ಲ. ಮಳೆಯ ನೆರಳಾದದ್ದೇ ಗಾಳಿಯಂತ್ರಕ್ಕೆ ಅನುಕೂಲವಾಯಿತು.

ಗಾಳಿಯನ್ನು ಅಳೆದು ದಾಖಲಿಸುವ ಕೆಲಸ ದೇಶದಲ್ಲಿ ಗಟ್ಟಿಯಾಗಿ ನಡೆದದ್ದು 1980ರ ದಶಕದಲ್ಲಿ. ಹವಾಮಾನ ವಿಜ್ಞಾನಿ ಅಣ್ಣಾ ಮಾಣಿ ನಿವೃತ್ತಿಯ ನಂತರ ಬೆಂಗಳೂರಿನಲ್ಲಿದ್ದುಕೊಂಡು ನಡೆಸಿದ ಗಾಳಿಯ ಸಮೀಕ್ಷೆ ಅದರಲ್ಲಿ ಮುಖ್ಯವಾದುದು. ಅನಂತಪುರ ಜಿಲ್ಲೆಯ ಮೊದಲ ಯಂತ್ರಗಳು 1990ರ ದಶಕದಲ್ಲಿ ರಾಮಗಿರಿಯ ಗುಡ್ಡಗಳ ಮೇಲೆ ನಿಂತವು. ಆಗ ರಾಮಗಿರಿ ಎಂದರೆ ಹೆಚ್ಚಿನವರಿಗೆ ಚಿನ್ನದ ಗಣಿಯೇ ನೆನಪಾಗುತ್ತಿತ್ತು. ಸುಮಾರು 30 ಮೀಟರ್ ವ್ಯಾಸದ ರೆಕ್ಕೆಚಕ್ರದ ಆ ಪುಟ್ಟ ಯಂತ್ರಗಳ ಮುಂದೆ, 2015ರ ನಂತರ ಬೆಳುಗುಪ್ಪ, ಉರವಕೊಂಡ, ವಜ್ರಕರೂರು, ಕಲ್ಯಾಣದುರ್ಗ, ರಾಯದುರ್ಗದ ಕಡೆ ಬಂದ 2 ಮೆಗಾವ್ಯಾಟ್ ಯಂತ್ರಗಳು ಬೇರೆಯೇ ಜಾತಿ. ಅವುಗಳಲ್ಲಿ 97 ಮೀಟರ್ ವ್ಯಾಸದ ಚಕ್ರ ಸಾಮಾನ್ಯವಾಗಿತ್ತು. ರೆಕ್ಕೆಗಳು ಒಂದು ಸುತ್ತಿನಲ್ಲಿ ಸವರುವ ವಿಸ್ತೀರ್ಣ ಸುಮಾರು 7,390 ಚದರ ಮೀಟರ್, ಅಂದರೆ 1.8 ಎಕರೆ. ವ್ಯಾಸ ಮೂರು ಪಟ್ಟಾದರೆ ಈ ವಿಸ್ತೀರ್ಣ ಒಂಬತ್ತು ಪಟ್ಟಾಗುತ್ತದೆ. ಗಾಳಿಯ ವೇಗದ ಲೆಕ್ಕ ಇದಕ್ಕಿಂತ ಕಠಿಣ: ವೇಗ ಇಮ್ಮಡಿಯಾದರೆ ಗಾಳಿಯಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವ ದಿನಕ್ಕೂ 12 ಮೀಟರ್ ಬೀಸುವ ದಿನಕ್ಕೂ ಅಷ್ಟು ಅಂತರವಿರುವುದರಿಂದಲೇ ವರ್ಷದ ಗಳಿಕೆಯ ಬಹುಪಾಲು ಮುಂಗಾರಿನ ನಾಲ್ಕು ತಿಂಗಳಲ್ಲಿ ಬರುತ್ತದೆ. ಆ ನಾಲ್ಕು ತಿಂಗಳು ಯಂತ್ರ ನಿಂತರೆ ವರ್ಷವೇ ಹೋದಂತೆ. ಮುಂದೆ ಬರುವ ಸಂಗತಿಗಳಿಗೆ ಇದು ಮುಖ್ಯ.

ದರ ಹುಟ್ಟಿದ ಬಗೆ

ಕಲ್ಲಿದ್ದಲು ಸ್ಥಾವರದಲ್ಲಿ ಕಟ್ಟುವಾಗ ಒಂದು ಖರ್ಚು, ನಡೆಸುವಾಗ ದಿನದಿನವೂ ಇಂಧನದ ಖರ್ಚು. ಗಾಳಿಯಂತ್ರದಲ್ಲಿ ಎರಡನೆಯದು ಇಲ್ಲವೇ ಇಲ್ಲ. ಬೋರ್‌ವೆಲ್ ಕೊರೆಸಿದವನ ಹಾಗೆ, ಹಣವೆಲ್ಲ ಮೊದಲ ದಿನವೇ ಭೂಮಿಗೆ ಹೋಗಿಬಿಡುತ್ತದೆ, ಆಮೇಲೆ ಬಂದಷ್ಟು ಬಂತು. ಹಾಗಾಗಿ ಒಂದು ಯೂನಿಟ್ಟಿನ ಬೆಲೆ ಎಂದರೆ, ಹೆಚ್ಚುಕಡಿಮೆ, ಯಂತ್ರ ನಿಲ್ಲಿಸಿದ ವರ್ಷದ ಬಂಡವಾಳವನ್ನು ಆಗಿನ ಬಡ್ಡಿದರದ ಮೇಲೆ 25 ವರ್ಷಗಳಿಗೆ ಹರಡಿದ ಮೊತ್ತ. ಆ ಬೆಲೆ ನಂತರ ಇಳಿಯಲು ಕಾರಣವೇ ಇರುವುದಿಲ್ಲ. ಮುಂದಿನ ವರ್ಷ ಇನ್ನೊಬ್ಬರು ಅಗ್ಗದ ಯಂತ್ರ ನಿಲ್ಲಿಸಿದರೆ ಅವರ ಬೆಲೆ ಕಡಿಮೆಯಾಗುತ್ತದೆ, ಇವರದು ಆಗುವುದಿಲ್ಲ.

ಆಂಧ್ರಪ್ರದೇಶ ವಿದ್ಯುತ್ ನಿಯಂತ್ರಣ ಆಯೋಗ ಈ ಲೆಕ್ಕ ಹಾಕಿ 2015-16ರಲ್ಲಿ 4.83 ರೂಪಾಯಿ, 2016-17ರಲ್ಲಿ 4.84 ರೂಪಾಯಿ ನಿಗದಿ ಮಾಡಿತು. ದರ 25 ವರ್ಷಕ್ಕೂ ಅಷ್ಟೇ, ಏರಿಕೆ ಇಲ್ಲ, ಇಳಿಕೆ ಇಲ್ಲ. 2015ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಪವನ ವಿದ್ಯುತ್ ನೀತಿಯನ್ನೂ ಪ್ರಕಟಿಸಿತು. ಇದಕ್ಕೆ ಕೇಂದ್ರದ ಎರಡು ಆಕರ್ಷಣೆಗಳು ಕೂಡಿದವು: ಉತ್ಪಾದನೆಯಾದ ಪ್ರತಿ ಯೂನಿಟ್ಟಿಗೆ 50 ಪೈಸೆಯ ಪ್ರೋತ್ಸಾಹಧನ, ಮತ್ತು ಯಂತ್ರದ ಬೆಲೆಯಲ್ಲಿ ಶೇ. 80ರಷ್ಟನ್ನು ಸವಕಳಿಯೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವ ಅವಕಾಶ. ಮೊದಲನೆಯದು 2017ರ ಮಾರ್ಚ್ 31ಕ್ಕೆ ಮುಗಿಯುವುದಿತ್ತು, ಎರಡನೆಯದು ಮರುದಿನದಿಂದ ಶೇ. 40ಕ್ಕೆ ಇಳಿಯುವುದಿತ್ತು. ಗಡುವಿನೊಳಗೆ ಯಂತ್ರ ಚಾಲೂ ಮಾಡಬೇಕೆಂಬ ಧಾವಂತ ಹೇಗಿತ್ತೆಂದರೆ, 2016-17ರ ಒಂದೇ ವರ್ಷದಲ್ಲಿ ಆಂಧ್ರದಲ್ಲಿ ಸುಮಾರು 2,190 ಮೆಗಾವ್ಯಾಟ್ ಹೊಸದಾಗಿ ಸೇರಿತು. ಆ ವರ್ಷ ದೇಶದಲ್ಲಿ ಸೇರಿದ ಸುಮಾರು 5,500 ಮೆಗಾವ್ಯಾಟ್‌ನಲ್ಲಿ ಇದೇ ಅತಿ ದೊಡ್ಡ ಪಾಲು. ಹಳ್ಳಿಯ ತಿರುವುಗಳಲ್ಲಿ ಮನೆಯ ಮೂಲೆ, ಬೇವಿನ ಕೊಂಬೆ ತಪ್ಪಿಸಿಕೊಂಡು ಉದ್ದುದ್ದ ಟ್ರೇಲರುಗಳ ಮೇಲೆ ರೆಕ್ಕೆಗಳು ರಾತ್ರಿಯೆಲ್ಲ ಸಾಗಿದ ಕಾಲವದು.

ಇದೇ ವೇಳೆಗೆ ನೆಲದಡಿಯಲ್ಲಿ ಬಿರುಕು ಬಿಟ್ಟಿತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಸೌರಶಕ್ತಿ ನಿಗಮ ಮೊದಲ ಬಾರಿಗೆ ಪವನ ವಿದ್ಯುತ್ತನ್ನು, ಅತಿ ಕಡಿಮೆ ದರ ಕೂಗಿದವರಿಗೆ ಒಪ್ಪಂದ ಸಿಗುವ ಹರಾಜಿಗಿಟ್ಟಿತು, ದರ 3.46ಕ್ಕೆ ನಿಂತಿತು. ಅಕ್ಟೋಬರ್‌ನಲ್ಲಿ 2.64. ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ 2.43. ಹನ್ನೊಂದು ತಿಂಗಳೊಳಗೆ ಹರಾಜಿನ ದರ ಸುಮಾರು ಶೇ. 30ರಷ್ಟು ಇಳಿಯಿತು, ಆಂಧ್ರದ 4.84ರ ಪಕ್ಕದಲ್ಲಿಟ್ಟರೆ ಅದು ಅರ್ಧಬೆಲೆ. ಅನಂತಪುರದ ವಿವಾದದಲ್ಲಿ ಮುಂದೆ ಕಾಣಿಸಿಕೊಳ್ಳುವ 2.43 ಎಂಬ ಅಂಕಿ ಹುಟ್ಟಿದ್ದು ಇಲ್ಲಿ: ಬೇರೆ ರಾಜ್ಯದಲ್ಲಿ, ಬೇರೆ ಗಾಳಿಯಲ್ಲಿ, ಇನ್ನೂ ಕಟ್ಟದೆ ಇದ್ದ ಯಂತ್ರಗಳಿಗಾಗಿ ಕೂಗಿದ ಬೆಲೆ ಅದು.

2019ರ ಜುಲೈ

2019ರ ಮೇ ಕೊನೆಯಲ್ಲಿ ಆಂಧ್ರದಲ್ಲಿ ವೈ.ಎಸ್. ಜಗನ್ಮೋಹನ ರೆಡ್ಡಿಯವರ ಸರ್ಕಾರ ಅಧಿಕಾರಕ್ಕೆ ಬಂತು. ಹಿಂದಿನ ಸರ್ಕಾರದ ಕಾಲದ ಪವನ ಮತ್ತು ಸೌರ ವಿದ್ಯುತ್ ಒಪ್ಪಂದಗಳು ದುಬಾರಿಯಾಗಿವೆ, ಡಿಸ್ಕಾಂಗಳು ಸಾಲದಲ್ಲಿ ಮುಳುಗಲು ಅವೇ ಕಾರಣ ಎಂಬುದು ಹೊಸ ಸರ್ಕಾರದ ನಿಲುವಾಗಿತ್ತು. ಜುಲೈ 1ರಂದು ಹೊರಟ ಸರ್ಕಾರಿ ಆದೇಶವೊಂದು ಉನ್ನತ ಮಟ್ಟದ ಸಂಧಾನ ಸಮಿತಿಯನ್ನು ರಚಿಸಿತು. ಅದೇ ತಿಂಗಳ 12ರಂದು ಡಿಸ್ಕಾಂ ಕಡೆಯಿಂದ ಉತ್ಪಾದಕರಿಗೆ ಪತ್ರ ಹೋಯಿತು: ಪವನ ವಿದ್ಯುತ್ತಿಗೆ 2.43, ಸೌರ ವಿದ್ಯುತ್ತಿಗೆ 2.44 ರೂಪಾಯಿಗೆ ಒಪ್ಪಬೇಕು, ಇಲ್ಲವಾದರೆ ಒಪ್ಪಂದ ರದ್ದಾದೀತು. ಸಂಧಾನ ಎನ್ನುವಾಗ ಎರಡು ಕಡೆಯವರೂ ಒಂದೊಂದು ಅಂಕಿ ಹಿಡಿದು ಕೂರುವುದು ವಾಡಿಕೆ. ಇಲ್ಲಿ ಅಂಕಿ ಒಂದೇ ಇತ್ತು.

ಪ್ರತಿಕ್ರಿಯೆ ಅನಂತಪುರದಿಂದ ಬಹುದೂರದವರೆಗೂ ಹೋಯಿತು. ಭ್ರಷ್ಟಾಚಾರ ಸಾಬೀತಾಗದೆ ಸಹಿಯಾದ ಒಪ್ಪಂದಗಳನ್ನು ಮತ್ತೆ ತೆರೆಯುವುದು ಸರಿಯಲ್ಲವೆಂದು ಕೇಂದ್ರ ಇಂಧನ ಸಚಿವಾಲಯ ರಾಜ್ಯಕ್ಕೆ ಬರೆಯಿತು. ಹೂಡಿಕೆದಾರರ ಆತಂಕವನ್ನು ತಿಳಿಸಿ ಭಾರತದಲ್ಲಿದ್ದ ಜಪಾನಿನ ರಾಯಭಾರಿ ಮುಖ್ಯಮಂತ್ರಿಗೆ ಪತ್ರ ಬರೆದರು. ಉತ್ಪಾದಕರು ಹೈಕೋರ್ಟಿನ ಬಾಗಿಲು ತಟ್ಟಿ ಜುಲೈ ತಿಂಗಳಲ್ಲೇ ತಡೆಯಾಜ್ಞೆ ಪಡೆದರು.

ಅದೇ ಮುಂಗಾರಿನಲ್ಲಿ ಇನ್ನೊಂದು ಸಂಗತಿ ನಡೆಯಿತು, ನಮ್ಮ ಕಡೆಯವರ ಕಣ್ಣಿಗೆ ಬಿದ್ದದ್ದು ಕೋರ್ಟಿನ ಕಾಗದವಲ್ಲ, ಅದು. ಗಾಳಿ ಭರ್ತಿಯಾಗಿ ಬೀಸುವ ದಿನ ಯಂತ್ರಗಳು ನಿಂತಿರತೊಡಗಿದವು. ನಿಂತ ಯಂತ್ರವನ್ನು ಹತ್ತಿರದಿಂದ ನೋಡಿದರೆ ಅದು ಕೆಟ್ಟು ನಿಂತಿಲ್ಲವೆಂಬುದು ತಿಳಿಯುತ್ತದೆ: ಮೂರೂ ರೆಕ್ಕೆಗಳು ತಮ್ಮ ಬುಡದಲ್ಲಿ ತಿರುಗಿ, ಅಗಲದ ಮುಖವನ್ನು ಪಕ್ಕಕ್ಕೆ ಸರಿಸಿ, ತೆಳ್ಳನೆಯ ಅಂಚನ್ನು ಗಾಳಿಗೆ ಒಡ್ಡಿಕೊಂಡಿರುತ್ತವೆ. ಗಾಳಿ ಅಂಚುಗಳನ್ನು ಸೀಳಿಕೊಂಡು ಹೋಗುವ ಸಿಳ್ಳೆ ಕೆಳಗೆ ನಿಂತವರಿಗೂ ಕೇಳುತ್ತದೆ. ಗೋಪುರದ ಬುಡದ ಕಬ್ಬಿಣದ ಬಾಗಿಲ ಒಳಗೆ, ನಿಯಂತ್ರಣ ಪೆಟ್ಟಿಗೆಯ ಪರದೆಯ ಮೇಲೆ ಗಾಳಿಯ ವೇಗ ಒಂದು ಸಾಲಿನಲ್ಲಿ, ಉತ್ಪಾದನೆ ಇನ್ನೊಂದು ಸಾಲಿನಲ್ಲಿ ಇರುತ್ತದೆ; ಅಂಥ ದಿನ ಮೇಲಿನ ಸಾಲು ಎರಡಂಕಿ, ಕೆಳಗಿನದು ಸೊನ್ನೆ. ಕುರಿ ಮೇಯಿಸುತ್ತ ಬಂದ ಮುದುಕರೊಬ್ಬರಿಗೂ ಕಾವಲಿಗಿದ್ದ ಹುಡುಗನಿಗೂ ನಡೆದ ಮಾತು ಹೀಗಿತ್ತು:

"ಏನಪ್ಪಾ ತಮ್ಮಾ, ಪಂಚೆ ಹಾರಿಹೋಗೋ ಹಂಗ ಗಾಳಿ ಬಿಟ್ಟೈತಿ, ಫ್ಯಾನ್ ಯಾಕ ನಿಂದ್ರಿಸೀರಿ?"

"ನಾವ್ ನಿಂದ್ರಿಸಿಲ್ಲ ತಾತಾ, ಸಬ್‌ಸ್ಟೇಷನ್ನಿಂದ ಫೋನ್ ಬಂತು. ಕರೆಂಟ್ ಬ್ಯಾಡಂತ."

"ಗಾಳಿ ಬಂದಾಗ ತೂರ್ಕೋಬೇಕಪ್ಪಾ. ಆಮ್ಯಾಲ ಎಲ್ಲಿ ತರ್ತೀರಿ?"

ದೇಶದ ಗ್ರಿಡ್ಡಿನ, ಅಂದರೆ ವಿದ್ಯುತ್ ಸಾಗಿಸುವ ಜಾಲದ, ಸಂಹಿತೆಯ ಪ್ರಕಾರ ಪವನ ಮತ್ತು ಸೌರ ಸ್ಥಾವರಗಳನ್ನು ಗ್ರಿಡ್ಡಿನ ಭದ್ರತೆಗೆ ಅಪಾಯವಿದ್ದರೆ ಮಾತ್ರ ತಡೆಯಬಹುದು. ಬೆಲೆ ಹೆಚ್ಚು ಎಂಬ ಕಾರಣಕ್ಕೆ ತಡೆಯುವಂತಿಲ್ಲ. ಗ್ರಿಡ್ ಭದ್ರತೆಗಾಗಿಯೇ ತಡೆದದ್ದೆಂದು ರಾಜ್ಯದ ಕಡೆಯವರು ಹೇಳಿದರು. ದರಕ್ಕೆ ಒಪ್ಪಿಸಲು ಒತ್ತಡ ಹೇರಲಾಗುತ್ತಿದೆ ಎಂದು ಉತ್ಪಾದಕರು ದೂರಿದರು. ನಿಜ ಯಾವುದೇ ಇರಲಿ, ಜುಲೈನಲ್ಲಿ ಕಳೆದ ಒಂದು ದಿನವನ್ನು ಜನವರಿಯಲ್ಲಿ ತುಂಬಿಕೊಳ್ಳಲಾಗದು.

ಒಂದು ಯಂತ್ರದ ಖಾತೆ

2.43ಕ್ಕೆ ಏಕೆ ಒಪ್ಪಲಾಗಲಿಲ್ಲ? ಲೋಭವೇ ಕಾರಣವೆಂದು ಹೇಳುವುದು ಸುಲಭ. ಲೆಕ್ಕ ಹಾಕಿಯೇ ನೋಡೋಣ. ಇದು ಯಾವುದೇ ಒಂದು ಕಂಪನಿಯ ಖಾತೆಯಲ್ಲ, ಆ ಕಾಲದ ಸಾಮಾನ್ಯ ಪ್ರಮಾಣಗಳನ್ನು ಹಿಡಿದು ಮಾಡಿದ ಅಂದಾಜು.

2 ಮೆಗಾವ್ಯಾಟ್‌ನ ಒಂದು ಯಂತ್ರಕ್ಕೆ ಮೆಗಾವ್ಯಾಟ್‌ಗೆ 6 ಕೋಟಿಯಂತೆ 12 ಕೋಟಿ ರೂಪಾಯಿ. ರೂಢಿಯಂತೆ ಶೇ. 70ರಷ್ಟು ಸಾಲ, ಅಂದರೆ 8.4 ಕೋಟಿ. ಶೇ. 11ರ ಬಡ್ಡಿ ಎಂದರೆ ಮೊದಲ ವರ್ಷ 92 ಲಕ್ಷ. ಅಸಲನ್ನು 12 ವರ್ಷಗಳಲ್ಲಿ ತೀರಿಸಲು ವರ್ಷಕ್ಕೆ 70 ಲಕ್ಷ. ಬ್ಯಾಂಕಿಗೇ ಮೊದಲ ವರ್ಷ 1.62 ಕೋಟಿ ಹೋಗಬೇಕು. ಯಂತ್ರ ತನ್ನ ಪೂರ್ಣ ಸಾಮರ್ಥ್ಯದ ಕಾಲುಭಾಗದಷ್ಟು ದುಡಿಯಿತೆಂದುಕೊಂಡರೆ ವರ್ಷಕ್ಕೆ 43.8 ಲಕ್ಷ ಯೂನಿಟ್. 4.84ರಂತೆ 2.12 ಕೋಟಿ ಬರುತ್ತದೆ: ಬ್ಯಾಂಕಿನ ಕಂತು ಕಟ್ಟಿದ ಮೇಲೆ ಉಳಿಯುವ 50 ಲಕ್ಷದಲ್ಲಿ ನಿರ್ವಹಣೆ, ವಿಮೆ, ಕಾವಲು, ಕಚೇರಿ ಎಲ್ಲ ನಡೆದು, ಮಿಕ್ಕಿದ್ದು 3.6 ಕೋಟಿ ಹಾಕಿದ ಮಾಲೀಕನಿಗೆ. 2.43ರಂತೆ ಬರುವುದು 1.06 ಕೋಟಿ. ಬ್ಯಾಂಕಿನ ಕಂತಿಗೇ 56 ಲಕ್ಷ ಕೊರತೆ.

ಈ ಅಂದಾಜಿನಲ್ಲಿ ಯಾವ ಅಂಕಿಯನ್ನು ಒಂದಿಷ್ಟು ಆಚೀಚೆ ಎಳೆದರೂ ತೀರ್ಮಾನ ಬದಲಾಗುವುದಿಲ್ಲ. 2.43 ಎಂಬುದು ಲಾಭ ಕಡಿಮೆ ಮಾಡುವ ದರವಲ್ಲ, ಸಾಲ ಕೆಡಿಸುವ ದರ. ಕೆಟ್ಟ ಸಾಲವೋ, ಕೊನೆಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟ ನಮ್ಮ ನಿಮ್ಮ ಹಣದ ಪ್ರಶ್ನೆಯೇ. ಗುಜರಾತಿನ ಹರಾಜಿನಲ್ಲಿ 2.43 ಕೂಗಿದವರು ಇನ್ನೂ ಅಗ್ಗವಾಗಲಿದ್ದ ಯಂತ್ರ, ಇನ್ನೂ ದೊಡ್ಡ ರೆಕ್ಕೆ, ಇಳಿದ ಬಡ್ಡಿಗಳನ್ನು ನೆಚ್ಚಿ ಕೂಗಿದ್ದರು. ಹಾಗೆ ಕೂಗಿದ ಯೋಜನೆಗಳಲ್ಲಿ ಎಷ್ಟೋ ವೇಳೆಗೆ ಸರಿಯಾಗಿ ನಿಲ್ಲಲಿಲ್ಲ ಎಂಬುದನ್ನೂ ಮರೆಯಬಾರದು.

ಊರಿನ ಮಟ್ಟದಲ್ಲಿ ಪೆಟ್ಟು ಬಿದ್ದವರು ಬೇರೆ. ಜಮೀನು ಮಾರಿದ ರೈತರಿಗೆ ದುಡ್ಡು ಮೊದಲೇ ಬಂದಿತ್ತು, ಅವರಿಗೆ ಈ ಜಗಳದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಾವಲುಗಾರರು, ಜೀಪು ಬಾಡಿಗೆಗೆ ಬಿಟ್ಟವರು, ಮಳೆಗೆ ಕೊಚ್ಚಿಹೋದ ಗುಡ್ಡದ ರಸ್ತೆಗೆ ಮೊರಂ ಹಾಕಿಸುವ ಸಣ್ಣ ಗುತ್ತಿಗೆದಾರರು ಮಾತ್ರ ಬಿಲ್ಲಿಗಾಗಿ ಕಾದರು. ಸರಪಳಿಯ ತುದಿಯಲ್ಲಿರುವವರಿಗೆ ಒಪ್ಪಂದದ ರಕ್ಷಣೆ ಇರುವುದಿಲ್ಲ. ಅವರ ಪರವಾಗಿ ಯಾವ ರಾಯಭಾರಿಯೂ ಪತ್ರ ಬರೆಯುವುದಿಲ್ಲ.

ಡಿಸ್ಕಾಂ ಪಕ್ಷ

ಸರ್ಕಾರದ ವಾದವನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ತಿರುಪತಿಯಲ್ಲಿ ಕಚೇರಿ ಇರುವ ದಕ್ಷಿಣ ಡಿಸ್ಕಾಂ ಅನಂತಪುರ ಜಿಲ್ಲೆಗೆ ವಿದ್ಯುತ್ ಹಂಚುವುದರ ಜೊತೆಗೆ ರೈತರ ಪಂಪ್‌ಸೆಟ್ಟುಗಳಿಗೆ ಉಚಿತವಾಗಿಯೂ ಪೂರೈಸಬೇಕು. ಆ ಉಚಿತದ ಹಣ ಸರ್ಕಾರದಿಂದ ಬರುವುದು ತಡವಾದರೆ ಡಿಸ್ಕಾಂನ ಸಾಲ ಬೆಳೆಯುತ್ತದೆ. ಗಾಳಿ ಬೀಸುವುದು ಮುಂಗಾರಿನಲ್ಲಿ, ಬೇಡಿಕೆ ಏರುವುದು ಬೇಸಿಗೆಯಲ್ಲಿ. ಬೇಡದ ಹೊತ್ತಿನಲ್ಲಿ 4.84 ಕೊಟ್ಟು ಕೊಳ್ಳಬೇಕು, ಬೇಕಾದಾಗ ಸಿಗಲೆಂದು ಕಲ್ಲಿದ್ದಲಿನ ಸ್ಥಾವರಕ್ಕೂ, ವಿದ್ಯುತ್ ಕೊಳ್ಳದಿದ್ದರೂ ತಪ್ಪದ ನಿಗದಿತ ಶುಲ್ಕ ಕಟ್ಟಿಯೇ ಇಟ್ಟುಕೊಂಡಿರಬೇಕು. ಒಂದೇ ವರ್ಷದಲ್ಲಿ 2,190 ಮೆಗಾವ್ಯಾಟ್ ಬಂದು ಬಿದ್ದಾಗ ಯಾವ ಡಿಸ್ಕಾಂಗಾದರೂ ಉಸಿರು ಕಟ್ಟುತ್ತದೆ.

ಹಾಗೆಂದು ತಪ್ಪು ಯಂತ್ರ ನಿಲ್ಲಿಸಿದವರದಲ್ಲ. ಹರಾಜಿನಿಂದ ಅಗ್ಗದ ದರ ಸಿಗುತ್ತದೆ ಎಂಬುದಕ್ಕೆ ಸೌರ ವಿದ್ಯುತ್ತಿನಲ್ಲಿ ಆಗಲೇ ಸಾಕಷ್ಟು ನಿದರ್ಶನ ಇತ್ತು. 2015-16ರಲ್ಲೇ ಪವನಕ್ಕೂ ಹರಾಜು ತಂದಿದ್ದರೆ, ಇಲ್ಲವೇ ವರ್ಷಕ್ಕೆ ಇಷ್ಟೇ ಮೆಗಾವ್ಯಾಟ್ ಕೊಳ್ಳುತ್ತೇವೆಂದು ಮಿತಿ ಹಾಕಿದ್ದರೆ, 4.84ರ ಹೊರೆ ಹಗುರಾಗುತ್ತಿತ್ತು. ಆ ಬಾಗಿಲು ತೆರೆದಿಟ್ಟವರು ರಾಜ್ಯದವರೇ. ಒಳಗೆ ಬಂದವರನ್ನು ಎರಡು ವರ್ಷದ ಮೇಲೆ ಅರ್ಧಬೆಲೆಗೆ ಒಪ್ಪಿಸಹೊರಟದ್ದು ನೀತಿಯ ತಪ್ಪನ್ನು ಒಪ್ಪಂದದ ತಪ್ಪೆಂದು ತೋರಿಸಿದಂತಾಯಿತು.

ಇದೇ ಕಥೆ, ಬೇರೆ ನೆಲದಲ್ಲಿ

ಗಾಳಿಯಿಂದ ವಿದ್ಯುತ್ ತೆಗೆಯುವುದು ಹೊಸದೇನಲ್ಲ. ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಬ್ಲೈತ್ 1887ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಬ್ರಷ್ 1888ರಲ್ಲಿ, ಡೆನ್ಮಾರ್ಕಿನಲ್ಲಿ ಪೌಲ್ ಲಾ ಕೂರ್ 1891ರಲ್ಲಿ ಇದನ್ನು ಮಾಡಿ ತೋರಿಸಿದ್ದರು. 1957ರಲ್ಲಿ ಗೆಡ್ಸರ್‌ನಲ್ಲಿ ನಿಂತ ಯೊಹಾನೆಸ್ ಯೂಲ್ ಅವರ 200 ಕಿಲೋವ್ಯಾಟ್ ಯಂತ್ರದ ಮೂರು ರೆಕ್ಕೆಯ ರೂಪವೇ ಇಂದಿಗೂ ಉಳಿದಿದೆ. ಆದರೂ ತಂತ್ರ ತಿಳಿದು ಎಂಬತ್ತು ವರ್ಷ ಕಳೆದರೂ ಉದ್ಯಮ ಹುಟ್ಟಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಸರ್ಕಾರಗಳು ಕೊಳ್ಳುವ ಭರವಸೆ ಕೊಟ್ಟ ಮೇಲೆ ಹುಟ್ಟಿತು.

ಕ್ಯಾಲಿಫೋರ್ನಿಯಾ ಮೊದಲ ಉದಾಹರಣೆ. 1980ರ ದಶಕದ ಆದಿಯಲ್ಲಿ ತೆರಿಗೆ ರಿಯಾಯಿತಿಯ ಜೊತೆಗೆ, ತೈಲದ ಬೆಲೆ ಏರುತ್ತಲೇ ಹೋಗುತ್ತದೆಂಬ ಎಣಿಕೆಯ ಮೇಲೆ ಮೊದಲ ಹತ್ತು ವರ್ಷಕ್ಕೆ ದರ ಕಟ್ಟಿಕೊಟ್ಟ ಒಪ್ಪಂದಗಳು ಅಲ್ಲಿ ಬಂದವು; ಆಲ್ಟಮಾಂಟ್ ಕಣಿವೆಯ ತುಂಬ ಯಂತ್ರಗಳೆದ್ದವು. ತೈಲದ ಬೆಲೆ ಕುಸಿಯಿತು. ಆಗ ಆ ದರಗಳು ಮಾರುಕಟ್ಟೆಗಿಂತ ಬಹಳ ಮೇಲಾದವು, ಆದರೂ ಹತ್ತು ವರ್ಷ ಅವು ನಡೆದವು. ಹನ್ನೊಂದನೆಯ ವರ್ಷ ಆದಾಯ ಧೊಪ್ಪನೆ ಬಿತ್ತು. ನೋವಾಯಿತು, ಆದರೆ ಅದು ಕಾಗದದಲ್ಲಿ ಮೊದಲೇ ಬರೆದಿದ್ದ ನೋವು. ಡೆನ್ಮಾರ್ಕಿನಲ್ಲಿ ಚಿಲ್ಲರೆ ದರದ ಶೇ. 85ರಷ್ಟನ್ನು ಉತ್ಪಾದಕರಿಗೆ ಕೊಡಬೇಕೆಂದು 1990ರ ದಶಕದ ಆರಂಭದಲ್ಲಿ ಕಾನೂನೇ ಆಯಿತು. ರೈತರೂ ನೆರೆಹೊರೆಯವರೂ ಕೂಡಿ ಯಂತ್ರ ಕೊಂಡರು. ಇಂದು ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದು. ಜರ್ಮನಿ 2000ದ ಕಾನೂನಿನಲ್ಲಿ 20 ವರ್ಷದ ದರವನ್ನು ಖಾತ್ರಿಪಡಿಸಿತು. ಹೊಸ ಯಂತ್ರಗಳಿಗೆ ದರವನ್ನು ಆಗಾಗ ಇಳಿಸುತ್ತ ಬಂದರೂ ಹಳೆಯವುಗಳ ದರವನ್ನು ಮುಟ್ಟಲಿಲ್ಲ.

ಆಂಧ್ರಕ್ಕೆ ಅತಿ ಹತ್ತಿರದ ಉದಾಹರಣೆ ಸ್ಪೇನ್. ಅದು ಧಾರಾಳ ದರ ಕೊಟ್ಟು ಜಗತ್ತಿನ ಮುಂಚೂಣಿಗೆ ಬಂದು, ವಿದ್ಯುತ್ ವ್ಯವಸ್ಥೆಯ ಸಾಲ ಬೆಟ್ಟವಾದಾಗ 2013ರಲ್ಲಿ ಹಳೆಯ ಸ್ಥಾವರಗಳಿಗೂ ಅನ್ವಯಿಸುವಂತೆ ದರದ ಪದ್ಧತಿಯನ್ನೇ ಕಿತ್ತುಹಾಕಿತು. ಹೂಡಿಕೆದಾರರು ಅಂತಾರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋದರು. ಆ ದಾವೆಗಳು ವರ್ಷಗಟ್ಟಲೆ ಎಳೆದವು. ಹೊಸ ಗಾಳಿಯಂತ್ರಗಳ ಸ್ಥಾಪನೆ ಮುಂದಿನ ಕೆಲವು ವರ್ಷ ಅಲ್ಲಿ ಬಹುತೇಕ ನಿಂತೇಹೋಯಿತು.

ತೀರ್ಪು ಮತ್ತು ಆಮೇಲೆ

2019ರ ಸೆಪ್ಟೆಂಬರ್ 24ರಂದು ಆಂಧ್ರ ಹೈಕೋರ್ಟಿನ ಏಕಸದಸ್ಯ ಪೀಠ ಸಂಧಾನ ಸಮಿತಿಯ ಆದೇಶವನ್ನೂ ಡಿಸ್ಕಾಂನ ಪತ್ರವನ್ನೂ ರದ್ದು ಮಾಡಿತು, ಆದರೆ ದರದ ಪ್ರಶ್ನೆಯನ್ನು ನಿಯಂತ್ರಣ ಆಯೋಗಕ್ಕೆ ಒಪ್ಪಿಸಿ, ಅಲ್ಲಿ ತೀರ್ಮಾನವಾಗುವವರೆಗೆ ಮಧ್ಯಂತರವಾಗಿ 2.43ರಂತೆ ಪಾವತಿಸಲು ಹೇಳಿತು. ಆಯೋಗಕ್ಕೆ ಕೊಟ್ಟ ಅವಧಿ ಆರು ತಿಂಗಳು. ಮಧ್ಯಂತರವೆಂಬುದು ಎರಡೂವರೆ ವರ್ಷ ನಡೆಯಿತು. ಹೆಸರಿಗೆ ಗೆದ್ದವರು ಉತ್ಪಾದಕರು, ಕೈಗೆ ಬಂದದ್ದು ಎದುರಾಳಿ ಕೇಳಿದ ದರ.

2022ರ ಮಾರ್ಚ್ 15ರಂದು ಮುಖ್ಯ ನ್ಯಾಯಮೂರ್ತಿ ಪ್ರಶಾಂತ್ ಕುಮಾರ್ ಮಿಶ್ರಾ ನೇತೃತ್ವದ ವಿಭಾಗೀಯ ಪೀಠ ಆ ವ್ಯವಸ್ಥೆಯನ್ನು ತೆಗೆದುಹಾಕಿತು. ಒಪ್ಪಂದದಲ್ಲಿ ಬರೆದ ದರವನ್ನು ಒಬ್ಬರೇ ಬದಲಿಸುವಂತಿಲ್ಲ, ಬಾಕಿಯನ್ನು ಒಪ್ಪಂದದ ದರದಲ್ಲೇ ಆರು ವಾರದೊಳಗೆ ತೀರಿಸಬೇಕು ಎಂಬುದು ಅದರ ಆದೇಶ. ಇದಾದ ಮೂರು ತಿಂಗಳೊಳಗೆ, ಡಿಸ್ಕಾಂಗಳು ಹಳೆಯ ಬಾಕಿಯನ್ನು ಗರಿಷ್ಠ 48 ಕಂತುಗಳಲ್ಲಿ ತೀರಿಸುವ, ತಪ್ಪಿದರೆ ಹೊರಗಿನಿಂದ ವಿದ್ಯುತ್ ಕೊಳ್ಳಲು ತೊಡಕಾಗುವ ನಿಯಮವನ್ನು ಕೇಂದ್ರ ಇಡೀ ದೇಶಕ್ಕೆ ತಂದಿತು. ಯಂತ್ರ ನಿಲ್ಲಿಸುವ ವಿಷಯದಲ್ಲೂ 2021ರ ಅಕ್ಟೋಬರ್‌ನಲ್ಲಿಯೇ ನಿಯಮ ಬಂದಿತ್ತು: ಗ್ರಿಡ್ ಭದ್ರತೆಯ ಕಾರಣವಿಲ್ಲದೆ ತಡೆದರೆ, ತಡೆದಷ್ಟು ವಿದ್ಯುತ್ತಿಗೆ ಒಪ್ಪಂದದ ದರದಲ್ಲಿ ಪರಿಹಾರ ಕೊಡಬೇಕು. ಎರಡೂ ನಿಯಮಗಳ ಹಿಂದೆ ಆಂಧ್ರದ ಈ ಪ್ರಸಂಗ ಇದ್ದೇ ಇದೆ ಎಂದು ನನ್ನ ಊಹೆ.

ಕೋರ್ಟಿನಲ್ಲಿ ದಾಖಲಾಗದ ಪರಿಣಾಮ ಸ್ಥಾಪಿತ ಸಾಮರ್ಥ್ಯದ ಪಟ್ಟಿಯಲ್ಲಿದೆ. 2019ರ ಮಾರ್ಚ್ ಕೊನೆಗೆ ಆಂಧ್ರದಲ್ಲಿ ಸುಮಾರು 4,090 ಮೆಗಾವ್ಯಾಟ್ ಪವನ ಸಾಮರ್ಥ್ಯ ಇತ್ತು. 2024ರ ಮಾರ್ಚ್ ಕೊನೆಗೆ 4,097. ಐದು ವರ್ಷಕ್ಕೆ ಏಳು ಮೆಗಾವ್ಯಾಟ್, ಅಂದರೆ ಮೂರು ನಾಲ್ಕು ಯಂತ್ರ. ಇದೇ ಅವಧಿಯಲ್ಲಿ ಗಡಿಯ ಈಚೆ, ಇದೇ ಗಾಳಿಯಲ್ಲಿ, ಕರ್ನಾಟಕ ಸುಮಾರು 4,700ರಿಂದ 6,000 ದಾಟಿತು. ಗುಜರಾತ್ 6,000ದಿಂದ 11,700ಕ್ಕೆ ಹೋಯಿತು. ಜಗತ್ತಿನ ಒಟ್ಟು ಸಾಮರ್ಥ್ಯ 2023ರಲ್ಲಿ 1,000 ಗಿಗಾವ್ಯಾಟ್ ದಾಟಿತು, ಅದರಲ್ಲಿ ಅರ್ಧಕ್ಕೆ ಸಮೀಪದಷ್ಟು ಚೀನಾದ್ದು. ಜಗತ್ತಿನ ವಿದ್ಯುತ್ತಿನಲ್ಲಿ ಗಾಳಿಯ ಪಾಲು ಶೇ. 8ರ ಆಸುಪಾಸಿಗೆ ಬಂತು. ಹರಾಜು ಪದ್ಧತಿಯ ಗೊಂದಲದಿಂದ ದೇಶದಾದ್ಯಂತ 2017ರ ನಂತರ ವೇಗ ತಗ್ಗಿದ್ದು ನಿಜ. ಹೊಸ ಒಪ್ಪಂದಕ್ಕೆ ಆಂಧ್ರ ಸರ್ಕಾರವೇ ಆಸಕ್ತಿ ತೋರಲಿಲ್ಲ ಎಂಬುದೂ ನಿಜ. ಆದರೆ ಏಳು ಮೆಗಾವ್ಯಾಟ್ ಎಂಬುದಕ್ಕೆ ಅಷ್ಟೇ ವಿವರಣೆ ಸಾಲದು.

2024ರಲ್ಲಿ ಸರ್ಕಾರ ಮತ್ತೆ ಬದಲಾಗಿ, ಅಕ್ಟೋಬರ್‌ನಲ್ಲಿ ಹೊಸ ಶುದ್ಧ ಇಂಧನ ನೀತಿ ಬಂತು. 2025ರ ಮೇ ತಿಂಗಳಲ್ಲಿ ಅನಂತಪುರ ಜಿಲ್ಲೆಯ ಗುತ್ತಿ ಬಳಿಯ ಬೇತಾಪಲ್ಲಿಯಲ್ಲಿ ಗಾಳಿ, ಸೌರ, ಬ್ಯಾಟರಿ ಮೂರನ್ನೂ ಒಂದೇ ಕಡೆ ಕೂಡಿಸುವ ಭಾರಿ ಯೋಜನೆಗೆ ಅಡಿಗಲ್ಲು ಬಿತ್ತು. ಬ್ಯಾಟರಿ ಜೊತೆಗಿದ್ದರೆ, ಬೇಡದ ಹೊತ್ತಿನಲ್ಲಿ ವಿದ್ಯುತ್ ಬಂದು ಬೀಳುತ್ತದೆ ಎಂಬ ಡಿಸ್ಕಾಂನ ಹಳೆಯ ದೂರಿಗೆ ದಿನದ ಮಟ್ಟಿಗಾದರೂ ಉತ್ತರ ಸಿಗುತ್ತದೆ. ಮುಂಗಾರಿನ ಗಾಳಿಯನ್ನು ಬೇಸಿಗೆಗೆ ಕೂಡಿಡುವ ಬ್ಯಾಟರಿ ಮಾತ್ರ ಇನ್ನೂ ಬಂದಿಲ್ಲ.

ದರದ ಬಗ್ಗೆ ಇನ್ನೊಂದು ಲೆಕ್ಕ ಬಾಕಿ ಇದೆ. 4.84 ಎಂಬುದು ಏರಿಕೆಯಿಲ್ಲದ ದರ. ಕಲ್ಲಿದ್ದಲು, ರೈಲಿನ ಸಾಗಣೆ, ಕೂಲಿ ಎಲ್ಲ ವರ್ಷವರ್ಷ ಏರುತ್ತಿರುವಾಗ ಇದು ನಿಂತಲ್ಲೇ ನಿಂತಿರುತ್ತದೆ. ವರ್ಷಕ್ಕೆ ಶೇ. 5ರ ಬೆಲೆಯೇರಿಕೆ ಹಿಡಿದರೆ 2017ರ 4.84 ರೂಪಾಯಿಯ ನಿಜವಾದ ತೂಕ ಹದಿನಾಲ್ಕು ಹದಿನೈದು ವರ್ಷಗಳಲ್ಲಿ, ಅಂದರೆ 2031-32ರ ಹೊತ್ತಿಗೆ, ಸುಮಾರು 2.43ಕ್ಕೆ ಇಳಿಯುತ್ತದೆ. 2017ರ ಮಾರ್ಚ್‌ನಲ್ಲಿ ಚಾಲೂ ಆದ ಯಂತ್ರಗಳ ಒಪ್ಪಂದ ಮುಗಿಯುವುದು 2042ರಲ್ಲಿ.